ಹಿಂದಿನ ಸೀಟಿಗಾಗಿ ಕೊಂಡ ಗಾಡಿ

ಕಾಡಪ್ಪಾ,

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಸ್ಟೇಷನ್ನಿಗೆ ನಾನೇ ರಿಕ್ಷಾದಲ್ಲಿ ಹೋಗುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಹಾಲು ಕಾಯಿಸಿಟ್ಟಿದ್ದೇನೆ.

ನಿನ್ನೆ ನಿನ್ನ ಗೆಳೆಯ ತಾಯಪ್ಪ ನನ್ನನ್ನು ಕಂಡು ಹೋಗಲು ಬಂದಿದ್ದ. ಗಾಡಿ ಕೊಂಡ ದಿನದ ಮಾತು ತೆಗೆದ. ನೀನು ಬುಲೆಟ್ ಮೇಲೆ ಕುಳಿತು, ಆ ಉದ್ದ ಕಾಲು ಆರಾಮಾಗಿ ನೆಲಕ್ಕೂರಿ, ಇದೇ ಇರಲಿ ಅಂದಿದ್ದೆಯಂತೆ. ಆಮೇಲೆ ನಾನು ಸೀರೆ ಹಿಡಿದುಕೊಂಡು ಹಿಂದಿನ ಸೀಟು ಹತ್ತಲು ಒದ್ದಾಡಿದ್ದನ್ನು ನೋಡಿ, ಅವನನ್ನು ಪಕ್ಕಕ್ಕೆ ಕರೆದು, "ಬ್ಯಾಡಲೇ, ಯೆಜ್ಡಿನೇ ತಗೊಳ್ಳೋಣ, ಅದರ ಸೀಟು ತಗ್ಗ ಅದ. ಅಕ್ಕನ್ನ ದಿನಾ ಆಫೀಸಿಗೆ ಬಿಡಬೇಕಲ್ಲ" ಅಂದೆಯಂತೆ.

ನನಗೆ ಮಾತ್ರ "ಇದರ ಕಿಕ್ ಭಾಳ ಹಗುರ ಅದ ಅಕ್ಕಾ" ಅಂದಿದ್ದೆ. ನಾನು ನಂಬಿಬಿಟ್ಟೆ. ಮೂರು ವರ್ಷ ನಿನ್ನ ಹಿಂದೆ ಕುಳಿತು ಓಡಾಡಿದೆ. ತಿರುವಿನಲ್ಲಿ ನಿನ್ನ ಮೊಣಕಾಲು ಹ್ಯಾಂಡಲ್ಲಿಗೆ ತಾಗಿದಾಗಲೆಲ್ಲ, "ಒಂಟೆಯಂಥಾವಗ ಇಂಥಾ ಗಾಡಿ ಯಾಕ ಬೇಕಿತ್ತೋ" ಅಂತ ನಗುತ್ತಿದ್ದೆ. ನೀನೂ ನಗುತ್ತಿದ್ದೆ. ಒಂದು ದಿನವಾದರೂ ಹೇಳಬಾರದಿತ್ತೇನೋ? ನನಗೆ ಸೊಲ್ಲಾಪುರಕ್ಕೆ ವರ್ಗವಾಗಿ, ಟ್ರಂಕು ಕಟ್ಟಿದ ಮೇಲೆ ಇದು ತಿಳಿಯಬೇಕಾಯಿತು.

ಇನ್ನೊಂದು ಬೀಗದ ಕೈ ಪಕ್ಕದ ಮನೆ ಮಾವಶಿಯ ಹತ್ತಿರ ಇದೆ. ಊಟ ಬಿಡಬೇಡ.

ಈ ಗಾಡಿ ಮಾರಿಬಿಡು. ಮಿಲಿಟರಿ ಕ್ಯಾಂಪಿನಲ್ಲಿ ಯಾರೋ ಒಂದು ಬುಲೆಟ್ ಮಾರುತ್ತಿದ್ದಾರೆಂದು ತಾಯಪ್ಪ ಹೇಳಿದ. ನೋಡಲು ಹೋಗುವಾಗ ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಬೇಡ. ಒಬ್ಬನೇ ಹೋಗಿ ಕುಳಿತು ನೋಡು.

ಅಕ್ಕ