ಅಂಗೈಯಲ್ಲಿ ಹಿಡಿಸದ ಹಾಡು

ಡಿಸೆಂಬರ್ 3

ಬೇಕರಿ ಸಾಲಿನಲ್ಲಿ ನಿಂತಿದ್ದಾಗ ಹಾಡಿನ ಎರಡು ಸಾಲು ಹೊಳೆದವು. ಫೋನಿಗೆ ಗುನುಗಿಟ್ಟೆ. ಹಿಂದಿದ್ದವರು ನಕ್ಕರು — ನಗಲಿ. ಇದಕ್ಕಾದರೆ ಫೋನ್ ಒಳ್ಳೆಯದು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಅದರ ಫ್ಯಾನು ಲಾರಿಯಂತೆ ಗುರುಗುಟ್ಟುತ್ತಿದೆ. ಕಾರ್ನಿವಲ್ ಹತ್ತಿರ ಬಂತು. ನಮ್ಮ ಹಾಡುಗಾರರ ಮೇಳದ ಬೀಳ್ಕೊಡುಗೆ ಹಾಡು ಇನ್ನೂ ಬಾಕಿ. ಮೇಳ ವೇದಿಕೆ ಇಳಿಯುವಾಗ ಹಾಡುವುದು. ಮೊಂತೆವಿದೆಯೊ ನಗರದ ಜನ ವರ್ಷವಿಡೀ ನೆನಪಿಡುವುದು ಅದನ್ನೇ. ನಮ್ಮ ಮೇಳಕ್ಕೆ ಹೆಂಗಸೊಬ್ಬಳು ಈ ಹಾಡು ಬರೆಯುತ್ತಿರುವುದು ಇದೇ ಮೊದಲು. ಎಡವಿದರೆ ಸುಮ್ಮನೆ ಬಿಡುವುದಿಲ್ಲ.

ಡಿಸೆಂಬರ್ 5

ಕಂಪ್ಯೂಟರ್ ಸತ್ತಿತು. ಮದರ್‌ಬೋರ್ಡ್ ಸುಟ್ಟಿದೆ, ಈ ಮಾಡೆಲ್ಲಿನದು ಈಗ ಸಿಗುವುದಿಲ್ಲ ಎಂದ ರಿಪೇರಿಯವನು. ಹಾಡುಗಳು ಆನ್‌ಲೈನ್‌ನಲ್ಲಿದ್ದವು, ಉಳಿದವು. ಮೇಳ ನಡೆಸುವ ವಾಲ್ದೆಮಾರ್‌ಗೆ ಹೇಳಿದರೆ, ಫೋನ್ ಇದೆಯಲ್ಲ, ಅದರಲ್ಲೇ ಬರಿ ಎಂದ. ಕೋರಸ್‌ನ ಎಮಿಲ್ಸೆ ತನ್ನ ಅಣಕು ಹಾಡುಗಳನ್ನೆಲ್ಲ ಬಸ್ಸಿನಲ್ಲೇ ಬರೆಯುತ್ತಾಳಂತೆ. ಸರಿ. ನಾನೂ ಬರೆದೇನು.

ಡಿಸೆಂಬರ್ 8

ಸೋಫಾದ ಮೇಲೆ ಬರೆದೆ, ಒಲೆ ಮುಂದೆ ಬರೆದೆ, ಹಲ್ಲಿನ ಡಾಕ್ಟರ ಬಾಗಿಲಲ್ಲೂ ಬರೆದೆ. ಅನುಕೂಲವೇನೋ ಅನುಕೂಲ. ಆದರೆ ಕೀಬೋರ್ಡ್ ಮೇಲೆದ್ದರೆ ಅರ್ಧ ಪರದೆ ಮಾಯ. ಕಾಣುವುದು ನಾಲ್ಕೇ ಸಾಲು. ಐದನೆಯದು ಬರೆಯುವಾಗ ಮೊದಲನೆಯದು ಮೇಲೆ ಹೋಗಿರುತ್ತದೆ. ನಮ್ಮ ಕೇರಿಯ ಅಡ್ಡಹೆಸರನ್ನು ಫೋನು ತಾನೇ ತಿದ್ದಿ ಇನ್ನೇನೋ ಮಾಡುತ್ತದೆ. ಹೆಬ್ಬೆರಳು ನೋವು. ಹೇಗೋ ಮುಗಿಸಿ ಕಳಿಸಿದೆ.

ಡಿಸೆಂಬರ್ 12

ಕ್ಲಬ್ಬಿನ ಅಂಗಳದಲ್ಲಿ ರಿಹರ್ಸಲ್. ಮೂರನೇ ಚರಣದಲ್ಲಿ ಕೋರಸ್ ತಡವರಿಸಿತು. ಮೊದಲ ಚರಣದ ಮಾತನ್ನೇ ಬೇರೆ ಪ್ರಾಸದಲ್ಲಿ ಮತ್ತೆ ಹೇಳಿದ್ದೆ. ಹಾಡಿನೊಳಗೆ ಚಂದ್ರ ಮೂರು ಸಲ ಉದಯಿಸಿದ್ದ. ಕಣ್ಣು ತುಂಬಬೇಕಾದ ಜಾಗದಲ್ಲಿ ಜೋಕು. ಸಾಲುಗಳು ಬಿಡಿಬಿಡಿಯಾಗಿ ಚೆನ್ನಾಗಿವೆ... ಹಾಡಾಗಿಲ್ಲ.

ವಾಲ್ದೆಮಾರ್ ಪಕ್ಕಕ್ಕೆ ಕರೆದ. "ಎಮಿಲ್ಸೆ ಮುಗಿಸ್ಲಿ ಬಿಡು, ಮಿರ್ತಾ. ನಿಂಗೆ ಸುಸ್ತಾಗಿದೆ."

"ಸುಸ್ತಲ್ಲ. ಹಾಡು ಪೂರ್ತಿ ಕಣ್ಣಿಗೆ ಬೀಳ್ತಿಲ್ಲ, ಅಷ್ಟೆ. ಸೋಮವಾರದ ತನಕ ಯಾರೂ ಮುಟ್ಬೇಡಿ."

ಹೊರಡುವಾಗ ಎಮಿಲ್ಸೆ ಜೊತೆಗೇ ಬಂದಳು. ಅವಳಿಗೆ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ. ಶನಿವಾರ ಮಧ್ಯಾಹ್ನ ಕೌಂಟರಿನ ಕಂಪ್ಯೂಟರ್ ಖಾಲಿ ಇರುತ್ತದೆ, ಡಾಕ್ಟರನ್ನು ಕೇಳುತ್ತೇನೆ ಎಂದಳು.

ನನ್ನ ಜಾಗ ಸಿಗ್ತಿತ್ತಲ್ಲ ನಿಂಗೆ, ಎಂದೆ.

"ಕೆಟ್ಟಿರೋ ಹಾಡಿಗೆ ತೇಪೆ ಹಾಕೋ ಕೆಲಸ ಯಾರಿಗೆ ಬೇಕು?"

ಡಿಸೆಂಬರ್ 14

ಕ್ಲಿನಿಕ್. ನಾಯಿ ವಾಸನೆ. ಆಪರೇಷನ್ ಆದ ಬೆಕ್ಕೊಂದು ಬೋನಿನಿಂದ ಗುರಾಯಿಸುತ್ತಿತ್ತು. ದೊಡ್ಡ ಪರದೆಯಲ್ಲಿ ಹಾಡು ತೆರೆದೆ — ಮೇಲಿಂದ ಕೆಳಗಿನವರೆಗೆ, ಒಟ್ಟಿಗೆ. ಪಕ್ಕದಲ್ಲೇ ಹಳೆಯ ಕರಡು. ತಪ್ಪು ಎದ್ದು ಕಂಡಿತು. ಮೂರನೇ ಚರಣವೇ ಮೊದಲು ಬರಬೇಕು. ಮೊದಲನೆಯದು ಬೇಡವೇ ಬೇಡ. ಎಷ್ಟು ಇಷ್ಟಪಟ್ಟು ಬರೆದಿದ್ದೆ... ಅಳಿಸಿದೆ. ಕೈಗಳೆರಡೂ ಕೀಲಿಗಳ ಮೇಲೆ ತಾವಾಗಿ ಓಡಿದವು.

ಎಮಿಲ್ಸೆ ಹಿಂದೆ ನಿಂತು ಓದುತ್ತಿದ್ದಳು. ತನ್ನ ಹಾಡುಗಳನ್ನೂ ಹೀಗೆ ತೆರೆದು ನೋಡೋಣವೇ ಎಂದು ಕೇಳಿದಳು. ನೋಡಿದೆವು. ಅವಳು ಕುರ್ಚಿ ಎಳೆದುಕೊಂಡು ಕೂತು, ತನ್ನದೊಂದು ಚರಣ ಅಳಿಸಿದಳು.

ಡಿಸೆಂಬರ್ 16

ಅಂಗಳದ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹಾಡಿದರು. ಎಲ್ಲೂ ತಡವರಿಸಲಿಲ್ಲ. ಕೊನೆಯ ಸಾಲು ಮುಗಿಯಿತು. ಗೇಟಿನಾಚೆ ಕೇಳುತ್ತ ನಿಂತಿದ್ದ ಹೆಂಗಸು ಕೈಚೀಲ ನೆಲಕ್ಕಿಟ್ಟಿದ್ದಳು. ವಾಲ್ದೆಮಾರ್ ಅತ್ತ ತಿರುಗಿ ಮೂಗು ಒರೆಸಿಕೊಂಡ. ಎರಡು ಪದ ಬದಲಿಸಬೇಕಂತೆ. ಯಾವುವೆಂದು ಅವನು ಹೇಳುವ ಮೊದಲೇ ಆಗಲ್ಲ ಎಂದೆ. ನಕ್ಕ. ಮತ್ತೆ ಶುರು ಮಾಡುತ್ತಿದ್ದಾರೆ. ಮೇಲುದನಿಗೆ ಒಬ್ಬರು ಕಡಿಮೆ ಎಂದು ಎಮಿಲ್ಸೆ ಕೈಬೀಸಿ ಕರೆಯುತ್ತಿದ್ದಾಳೆ, ನಾನು ಹೊರಟೆ —