ಲಾಂಗಾ ತೋಟದ ಬಾವಿ

12 ಮಾರ್ಚ್ 2004

ಮೊದಲ ದೋಣಿ ತಪ್ಪಿತು. ಮುಂದಿನದು ಹಿಡಿದು ಆ ದಡಕ್ಕೆ. ಏಷ್ಯಾದಿಂದ ಯುರೋಪಿಗೆ — ನಮ್ಮ ಇಸ್ತಾಂಬುಲ್‌ನಲ್ಲಿ ಅದು ಒಂದು ಲೋಟ ಚಹಾದಷ್ಟು ದೂರ. ಅಕ್ಕ ಮುಅಲ್ಲಾ ಲಾಂಗಾ ತೋಟದ ಸೌತೆ ಮಡಿಗಳ ನಡುವೆ ಕೂತಿದ್ದಳು. ಗೇಟಿಗೆ ನೋಟಿಸು. ಸಮುದ್ರದಡಿಯ ರೈಲು ಅವಳ ತೋಟದಲ್ಲೇ ಮೇಲೇಳುತ್ತದಂತೆ. ಸ್ಟೇಷನ್ನು.

"ಸುಲ್ತಾನರ ಕಾಲದಿಂದ ನಕ್ಷೆ ಬರೀತಾನೇ ಇದಾರೆ ಅಕ್ಕಾ. ಈ ಸಲಾನೂ ಬರೀ ಕಾಗದ."

"ನೀನೇ ತಾನೇ ಸಬ್ರಿ, ಸುರಂಗ ಬೇಕು ಸುರಂಗ ಬೇಕು ಅಂತ ಪೇಪರಿಗೆ ಬರೀತಿದ್ದೋನು? ಬಂತು, ತಗೋ."

ಬರೆದದ್ದು ನಿಜ. ನಲವತ್ತು ವರ್ಷ. ಅಪ್ಪ ಈ ತೋಟದಲ್ಲೇ ತೀರಿಕೊಂಡ ದಿನ ದಕ್ಷಿಣದ ಗಾಳಿ ಎದ್ದು ದೋಣಿಗಳು ನಿಂತಿದ್ದವು. ನಾನು ಆಚೆ ದಡದಲ್ಲಿ. ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ. ಸುರಂಗ ಬೇಕೆಂದೆ. ಅಪ್ಪ ತೋಡಿದ ಬಾವಿಯನ್ನು ಮುಚ್ಚಿ ಎಂದೆನೆ?

30 ಮೇ

ಸೌತೆ ಬಳ್ಳಿ ಹೂ ಬಿಟ್ಟಿದೆ. ಒಂದು ಕೊಯ್ಲು ಮುಗಿಯಲಿ ಎಂದು ಕಚೇರಿಯಲ್ಲಿ ಕೂಗಾಡಿದೆ. ನೂರೈವತ್ತು ವರ್ಷ ಸುರಂಗದ ಕನಸು ಕಂಡ ಸರ್ಕಾರಕ್ಕೆ ಒಂದು ಕೊಯ್ಲು ಹೆಚ್ಚಾಯಿತು!

ಇವತ್ತು ಅಕ್ಕ ತೋಟ ಬಿಟ್ಟಳು. ಹೊರಟವರು ಸುಖವಾಗಿ ಮರಳಲೆಂದು ಹಿಂದೆ ನೀರು ಚೆಲ್ಲಬೇಕು. ಬಾವಿಯಿಂದ ಸೇದಿ ಚೆಲ್ಲಿದೆ. "ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ, ಅಕ್ಕಾ."

"ಎಲ್ಲಿಗೋ ಬರೋದು?" ತಿರುಗಿ ನೋಡಲಿಲ್ಲ. ಇನ್ನು ಅವಳು ಏಷ್ಯಾ ದಡದ ಉಸ್ಕುದಾರ್‌ನಲ್ಲಿ, ನನ್ನ ಮನೆಯಲ್ಲಿ.

9 ಸೆಪ್ಟೆಂಬರ್ 2006

ಸ್ಟೇಷನ್ನಿಗೆ ಅಗೆದರೆ ತೋಟದಡಿ ಹಳೆಯ ಬಂದರು. ಸಾವಿರ ವರ್ಷದ ಹಡಗುಗಳು! ರೈಲಿನ ಕೆಲಸ ನಿಂತಿದೆ — ಇನ್ನೂ ಎಷ್ಟು ವರ್ಷವೋ. ನಿಲ್ಲಲೇಬೇಕು, ಇತಿಹಾಸ ಓದಿದವನು ನಾನು. ಆದರೂ — ಸತ್ತ ಹಡಗಿಗೆ ಕಾಯುತ್ತಾರೆ. ಬದುಕಿದ್ದ ಬಳ್ಳಿಗೆ ಕಾಯಲಿಲ್ಲ.

ಅಕ್ಕ ಬದನೆ ಹುರಿಯುತ್ತಿದ್ದಳು; ಪೇಪರಿನಲ್ಲಿ ಹಡಗಿನ ಚಿತ್ರ ತೋರಿಸಿದೆ. "ಆ ಕರೀ ಹಲಗೇನಾ? ಬಾವಿ ತೋಡ್ವಾಗ ಅಪ್ಪಂಗೂ ಸಿಕ್ಕಿತ್ತು. ಒಣಗಿಸಿ ಒಲೆಗೆ ಹಾಕಿದ್ವಿ. ಉರಿ ಇಲ್ಲ, ಬರೀ ಹೊಗೆ. ಪಿಲಾವೆಲ್ಲ ಸಮುದ್ರದ ನಾತ!"

ನಕ್ಕಳು. ತೋಟ ಬಿಟ್ಟ ಮೇಲೆ ಮೊದಲ ನಗು.

31 ಅಕ್ಟೋಬರ್ 2013

ರೈಲು ಶುರು. ಅಕ್ಕನನ್ನು ಕರೆದೆ.

"ನನ್ನ ಬಾವಿ ತುಳಿಯೋ ರೈಲಿಗೆ ನಾನು ಹತ್ತಲ್ಲ. ನೀನು ಹೋಗು, ನಿನ್ನ ಸುರಂಗ."

ಹೋಗಲಿಲ್ಲ ನಾನೂ.

24 ನವೆಂಬರ್. ಸಂಜೆ

ಅಪ್ಪ ತೀರಿಕೊಂಡ ದಿನ. ಬೆಳಗಿನಿಂದ ದಕ್ಷಿಣದ ಗಾಳಿ — ಅಂದಿನದೇ. ದೋಣಿಗಳಿಲ್ಲ. ಅಪ್ಪನ ಗೋರಿ ಆಚೆ. ಅಕ್ಕ ಗೋರಿಗೆ ಹಾಕಲು ಬಾಟಲಿಗೆ ನೀರು ತುಂಬಿಕೊಂಡು ಬಾಗಿಲಲ್ಲಿ ನಿಂತಳು.

"ನಡಿ. ಆ ಸುಡುಗಾಡು ರೈಲಲ್ಲೇ ಹೋಗೋಣ."

ರೈಲಿನೊಳಗೆ ನನ್ನ ತೋಳು ಬಿಡಲಿಲ್ಲ. ಚಹಾ ಆರುವ ಮೊದಲೇ ಆಚೆ ದಡ. ಅಂದು ಅಪ್ಪನಿಗೆ ಇಷ್ಟೇ ಬೇಕಿತ್ತು. ನನಗೂ.

ತೋಟವಿದ್ದಲ್ಲೇ ಮೇಲೆ ಬಂದು ಅಕ್ಕ ಸೌತೆ ಮಡಿಯ ಗುರುತಿಗೆ ಮಸೀದಿಯ ಹಳೇ ಮಿನಾರನ್ನು ನೋಡಿದಳು, ಒಂದಿಷ್ಟು ಬಲಕ್ಕೆ ಸರಿದಳು, ಬಾಟಲಿ ತೆರೆದು ಕಲ್ಲುಹಾಸಿನ ಮೇಲೆ ಸುರಿಯತೊಡಗಿದಳು.

"ಅಜ್ಜೀ, ಏನಿದು! ಜನ ಜಾರಿ ಬೀಳ್ತಾರೆ!" — ಕಾವಲಿನವನು.

"ಹೂ ಬಿಟ್ಟಿತ್ತಪ್ಪಾ. ಹೊರಡೋ ದಿನ ನೀರು ಹಾಕಿರ್ಲಿಲ್ಲ."

ಅವನನ್ನು ಬೈಯಲು ಬಾಯಿ ತೆರೆದೆ. ಅವನು ಟೋಪಿ ತೆಗೆದು ಪಕ್ಕಕ್ಕೆ ಸರಿದ. ಗೋರಿಗೆ ಉಳಿದದ್ದು ಅರ್ಧ ಬಾಟಲಿ. ಅಪ್ಪ ಏನೂ ಅಂದುಕೊಳ್ಳಲಾರ, ಅವನಿದ್ದರೂ ಮೊದಲು ಬಳ್ಳಿಗೇ —