ಕಂದೀಲುಪೇಟೆ ಕ್ಷೇಮವಾಗಿದೆ

ಹೊಸಪೇಟೆ
ಫೆಬ್ರವರಿ 30, 2241

ಮಾನ್ಯ ರಜಿಯಾ ದೊಡ್ಡಮನಿ ಅವರಿಗೆ,

ತಾರೀಖು ತಪ್ಪಾಗಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಬಿಟ್ಟಿದ್ದೇವೆ. ಆ ದಿನಗಳಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ದಿನಪತ್ರಿಕೆಗಳನ್ನು ಓದಿ ಅದೇ ರೀತಿ ಬರೆಯಲು ಪ್ರಯತ್ನಿಸಿದ್ದೇನೆ, ತಪ್ಪಿದ ಕಡೆ ಕ್ಷಮಿಸಿ. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಎಂಬುದು ನನಗೂ ಗೊತ್ತಿಲ್ಲ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯವರು ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅವಕಾಶ ಕೊಡುತ್ತಾರೆ. ಹೆಚ್ಚಿನವರು ಸತ್ತ ತಾಯಿಗೋ ತಂದೆಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ಕಾರಣ ಒಂದು ನಿಯಮ. ನೀವು ಐದು ಜನ ಗೆಳೆಯರು ಈಗ ಮೇಜಿನ ಸುತ್ತ ಕುಳಿತು ಒಂದು ಆಟ ಆಡುತ್ತಿದ್ದೀರಿ. ಇಲ್ಲದ ಒಂದು ನಾಡನ್ನು ಕಲ್ಪಿಸಿ, ಅದರ ಕೋಟೆ, ಸೇತುವೆ, ಸೈನಿಕರನ್ನು ಬೆರಳುದ್ದದ ಬೊಂಬೆಗಳಾಗಿ ಮಾಡಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕತೆಯನ್ನು ಮುಂದಕ್ಕೆ ಒಯ್ಯುತ್ತೀರಿ. ನಿಮ್ಮಲ್ಲಿ ಕೊಟ್ರೇಶ ಎಂಬುವರು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಎಷ್ಟೋ ವಾರ ಬರಲಾಗುವುದಿಲ್ಲ. ಅವರಿಗಾಗಿ ನೀವು ಇನ್ನು ಕೆಲವೇ ದಿನಗಳಲ್ಲಿ, ಬಾರದವರ ಸರದಿಯನ್ನು ಅವರ ಬಲಕ್ಕೆ ಕುಳಿತವರು ಆಡಬೇಕು ಎಂದು ಬರೆಯುತ್ತೀರಿ. ಅದನ್ನು ನಾವು ‘ಎರವಲು ಕೈ’ ಎನ್ನುತ್ತೇವೆ. ನಿಮ್ಮ ಆಟ ನಮ್ಮ ತನಕ ನಿಲ್ಲದೆ ಬಂದಿದೆ. ನಿಯಮವೂ ಅಕ್ಷರ ಬದಲಾಗದೆ ಬಂದಿದೆ. ಅದರಲ್ಲಿ ಒಂದು ಸಾಲು ಕಡಿಮೆ ಇದೆ.

ಇಲ್ಲಿನ ಬದುಕನ್ನು ಸ್ವಲ್ಪ ಹೇಳಿದರೆ ನಿಮಗೆ ತಿಳಿಯುವುದು ಸುಲಭ. ಬಿಸಿಲಿನ ಕಾರಣ ನಾವು ನಡುಹಗಲು ಮಲಗುತ್ತೇವೆ. ಅಂಗಡಿ, ಶಾಲೆ, ಕಚೇರಿ ಎಲ್ಲವೂ ಬೆಳಗಿನ ಜಾವ ಮತ್ತು ಸಂಜೆ. ಅದಿರು ತೆಗೆದ ಹಳೆಯ ಗುಂಡಿಗಳೆಲ್ಲ ಕೆರೆಗಳಾಗಿವೆ. ಪ್ರತಿ ಓಣಿಗೂ ಒಂದು ಮೇಜುಮನೆ ಇದೆ. ಮಂಗಳವಾರ ಸಂಜೆ ಅಲ್ಲಿ ಚಹಾ, ಒಗ್ಗರಣೆ ಮಂಡಕ್ಕಿ, ಆಟ. ನೀವು ಗೇಮ್ ಮಾಸ್ಟರ್ ಎನ್ನುವವರನ್ನು ನಾವು ದಾರಿಗಾರ ಎನ್ನುತ್ತೇವೆ. ನಮ್ಮ ಮೇಜಿಗೆ ಸಮೀನಾ ಎಂಬ ಹುಡುಗಿ ದಾರಿಗಾರ್ತಿ. ಬೊಂಬೆಗಳಿಗೆ ನಾವು ಪ್ಲಾಸ್ಟಿಕ್ ಬಳಸುವುದಿಲ್ಲ. ಗುಂಡಿಯ ಕೆಮ್ಮಣ್ಣಿಗೆ ಹುಣಸೆ ಬೀಜದ ಅಂಟು ಕಲಸಿ ಮಾಡುತ್ತೇವೆ, ಸುಡದೆ ನೆರಳಲ್ಲಿ ಒಣಗಿಸುತ್ತೇವೆ. ಸುಡದಿರುವುದಕ್ಕೆ ಕಾರಣವಿದೆ. ಆಟದಲ್ಲಿ ಬಿದ್ದ ಊರು ಮೇಜಿನ ಮೇಲೂ ಬೀಳಬೇಕು. ಅದನ್ನು ನೀರಿನ ಬಕೆಟ್ಟಿಗೆ ಹಾಕಿ ಕಲಸಿಬಿಡುತ್ತೇವೆ, ಮಣ್ಣು ಗೆದ್ದವರಿಗೆ ಹೋಗುತ್ತದೆ. ಹಾಗಾಗಿ ಒಂದು ಊರಿನ ಬಾಗಿಲು ತೆರೆಯುವ ಮಾತು ಕಟ್ಟಿದವರದ್ದೇ. ಬೇರೆ ಯಾರೂ ಅದನ್ನು ಆಡುವಂತಿಲ್ಲ.

ನಾನು ಕಟ್ಟಿದ ಊರಿನ ಹೆಸರು ಕಂದೀಲುಪೇಟೆ. ಹನ್ನೊಂದು ವರ್ಷ ಕಟ್ಟಿದೆ. ಉಪ್ಪಿನ ಸಮುದ್ರದ ದಂಡೆಯ ಊರು, ಮನೆಗಳು ಬೆಂಕಿಪೊಟ್ಟಣದಷ್ಟು. ಪ್ರತಿ ಕಿಟಕಿಗೂ ನೀಲಿ ಗಾಜಿನ ಚೂರು ಅಂಟಿಸಿದ್ದೆ. ಮೀನು ಮಾರುಕಟ್ಟೆಯಲ್ಲಿ ಮೂಗುತಿಯ ಮುದುಕಿಯೊಬ್ಬಳಿದ್ದಳು, ಅಕ್ಕಿಕಾಳಿನಷ್ಟು ಬುಟ್ಟಿ ಹಿಡಿದಿದ್ದಳು. ಗೋಡೆಯ ಬುಡದಲ್ಲಿ, ದೋಣಿಗಳ ಹಿಂದೆ ಒಂದು ನೀರಬಾಗಿಲು. ಅದು ಎಲ್ಲಿದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ಬಲಕ್ಕೆ ಕೂರುವವನು ಗಾದಿಲಿಂಗ. ನನಗಿಂತ ಐದಾರು ವರ್ಷ ಚಿಕ್ಕವನು, ನಮ್ಮ ಓಣಿಯವನೇ, ನನ್ನನ್ನು ಅಕ್ಕ ಎನ್ನುತ್ತಾನೆ. ಹಿಂದಿನ ಮಳೆಗಾಲದಲ್ಲಿ ಪುಪ್ಪುಸದ ರೋಗ ಹೆಚ್ಚಾಗಿ ನನ್ನನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಸೇರಿಸಿದರು. ಆಗ ಬೂದಿಪಡೆ, ಅಂದರೆ ನಮ್ಮ ಆಟದ ಶತ್ರುಸೈನ್ಯ, ಕಂದೀಲುಪೇಟೆಯನ್ನು ಸುತ್ತುವರಿದಿತ್ತು. ಹೊರಡುವ ದಿನ ಗಾದಿಲಿಂಗನನ್ನು ಕರೆದು ನೀರಬಾಗಿಲಿನ ಜಾಗ ತೋರಿಸಿದೆ. ಊರು ಕಾಯುವವನಿಗೆ ಗೊತ್ತಿರಬೇಕಲ್ಲ.

“ನೀ ಚಿಂತಿ ಮಾಡಬ್ಯಾಡಕ್ಕಾ, ಒಂದು ಇಲಿ ಸೈತ ಒಳಗ ಬರಂಗಿಲ್ಲ” ಎಂದ.

ಪ್ರತಿ ಬುಧವಾರ ಅವನು ಆಸ್ಪತ್ರೆಗೆ ಬರುತ್ತಿದ್ದ. ಬಂದೊಡನೆ ನಾನು ಕೇಳುತ್ತಿದ್ದದ್ದು ಊರಿನ ಸುದ್ದಿ.

“ನಿನ್ ಪ್ಯಾಟಿ ಛಲೋ ಐತಿ. ಮೊದ್ಲು ಗಂಜಿ ಕುಡಿ, ಆಮ್ಯಾಲೆ ಹೇಳ್ತೀನಿ” ಎನ್ನುತ್ತಿದ್ದ. ನಾನು ಕುಡಿದ ಮೇಲೆ ಶುರು. “ಮೀನ ಮಾರ್ಕೆಟ್ನಾಗ ಜಗಳ ಆಗೇತಿ ನೋಡು. ಆ ಮೂಗುತಿ ಮುದುಕಿ ಕಾವಲುಗಾರನ ತಲಿ ಮ್ಯಾಲೆ ಬುಟ್ಟಿ ಕವಚ್ಯಾಳ.”

“ಅವ ಏನ್ ಮಾಡಿದ್ನೋ?”

“ಪುಕ್ಸಟ್ಟೆ ಮೀನ ಕೇಳ್ಯಾನ. ನಿನ್ನೂರಿನ ಮಂದಿ ಅಲ್ಲೇನು, ನಿನ್ನಂಗ ಅದಾರ.”

ನಕ್ಕರೆ ಎದೆ ನೋಯುತ್ತಿತ್ತು, ಆದರೂ ನಗುತ್ತಿದ್ದೆ. ಒಂದು ವಾರ ದೀಪೋತ್ಸವದ ಸುದ್ದಿ ತಂದ. ಇನ್ನೊಂದು ವಾರ, ಬೂದಿಪಡೆಗೆ ನೀರಿಲ್ಲದೆ ಅರ್ಧ ಜನ ಹಿಂದೆ ಹೋದರು ಎಂದ. ಅವನು ಹೋದ ಮೇಲೆ ನಾನು ಮಲಗಿಕೊಂಡೇ ಮಾರುಕಟ್ಟೆಯ ಹಿಂದೆ ಕಟ್ಟಬೇಕಾದ ಛತ್ರದ ಕಂಬಗಳನ್ನು ಮನಸ್ಸಿನಲ್ಲಿ ನಿಲ್ಲಿಸುತ್ತಿದ್ದೆ.

ಮಳೆ ನಿಂತ ಮೇಲೆ ಬಿಡುಗಡೆಯಾಯಿತು. ಯಾರಿಗೂ ಹೇಳದೆ ಒಂದು ಮಂಗಳವಾರ ಕೋಲೂರಿಕೊಂಡು ಮೇಜುಮನೆಗೆ ಹೋದೆ. ಸಮೀನಾ ನನ್ನನ್ನು ನೋಡಿ ಎದ್ದು ನಿಂತಳು. ನನ್ನ ಬದಿಯ ಮೇಜು ಬರೀ ಹಲಗೆಯಾಗಿತ್ತು. ಬಲಗಡೆ ಗಾದಿಲಿಂಗನ ಹೊಸ ಕೋಟೆ ಎದ್ದಿತ್ತು, ಮೂರು ಬುರುಜುಗಳಿದ್ದವು. ಬಗ್ಗಿ ನೋಡಿದೆ. ಅದರ ಗೋಡೆಯ ಮಣ್ಣಿನೊಳಗೆ ಅಲ್ಲಲ್ಲಿ ನೀಲಿ ಗಾಜಿನ ಚೂರುಗಳು ಸಿಕ್ಕಿಕೊಂಡಿದ್ದವು.

“ಇದೇನೋ ಗಾದಿ?”

“ಆಟ ಐತಕ್ಕಾ. ಬೂದಿಪಡಿ ಒಳಗ ಬಂತು.”

“ನೀರಬಾಗ್ಲ ಯಾರು ತೆಗೆದ್ರು?”

“ನೀನ” ಎಂದ. ಆಮೇಲೆ ತಲೆ ತಗ್ಗಿಸಿ, “ಅಂದ್ರ, ನಿನ್ ಕೈಲೆ ನಾನು” ಎಂದ.

ಬಾಗಿಲು ತೆರೆದರೆ ಗಾದಿಲಿಂಗನ ಪಾತ್ರಕ್ಕೆ ಬೂದಿಪಡೆಯ ಸೇನಾಪತಿ ಗಡಿಯ ಮೂರು ಹಳ್ಳಿ ಮತ್ತು ಪೇಟೆಯ ಮಣ್ಣನ್ನು ಕೊಡುವುದಾಗಿ ಹೇಳಿದ್ದನಂತೆ. ಯಾವಾಗ ಬಿತ್ತು ಎಂದು ಸಮೀನಾಳನ್ನು ಕೇಳಿದೆ. “ನೀವು ದವಾಖಾನಿಗೆ ಹೋದ ಮರುವಾರನ ರೀ, ಶಾಂಭವಕ್ಕ” ಎಂದಳು.

“ಮತ್ತ ಮೀನ ಮಾರ್ಕೆಟ್ ಜಗಳ?” ಎಂದು ಗಾದಿಲಿಂಗನನ್ನು ಕೇಳಿದೆ.

ಅವನು ತನ್ನ ಬುರುಜಿನ ಮೇಲಿನ ಧೂಳು ಒರೆಸಿದ. “ನೀ ಬರೂದಿಲ್ಲ ಅಂತ ಡಾಕ್ಟ್ರು ನಮ್ಮನ್ನ ಕರದು ಹೇಳಿದ್ರಕ್ಕಾ. ನಿನ್ಗ ಹೇಳಬ್ಯಾಡ್ರಿ ಅಂದ್ರು. ನೀನ ಬರೂದಿಲ್ಲ ಅಂದ ಮ್ಯಾಲೆ ಆ ಊರ ಇಟಗೊಂಡು ಯಾರಿಗೆ ಏನ್ ಮಾಡೂದಿತ್ತು?”

ಉಳಿದವರು ಅವನ ಮಾತಿಗೆ ತಲೆಯಾಡಿಸಿದರು. ಅವರಿಗೂ ಗೊತ್ತಿತ್ತು. ನಾನು ಗಂಜಿ ಕುಡಿಯುತ್ತಿದ್ದಾಗ ಅವರು ನನ್ನ ಕುರ್ಚಿಯ ಮುಂದಿನ ಜಾಗವನ್ನು ಒರೆಸಿ ಚೊಕ್ಕ ಮಾಡಿದ್ದರು.

ಮಾನ್ಯ ರಜಿಯಾ ಅವರೇ, ಊರು ಬಿದ್ದದ್ದಕ್ಕೆ ನನ್ನ ದೂರಿಲ್ಲ. ಊರುಗಳು ಬೀಳುತ್ತವೆ, ಬೀಳಲೆಂದೇ ನಾವು ಮಣ್ಣು ಸುಡುವುದಿಲ್ಲ. ಗಾದಿಲಿಂಗ ನಿಯಮ ಮೀರಿಯೂ ಇಲ್ಲ. ಅವನ ಕೈ ಆ ದಿನ ನನ್ನ ಕೈಯೇ ಆಗಿತ್ತು, ನೀವು ಬರೆದದ್ದು ಹಾಗೇ ಇದೆ. ಆದರೆ ಕಲಸಿಹೋದ ಊರಿನ ಸುದ್ದಿಯನ್ನು ಅವನು ವಾರವಾರ ತಂದು ನನ್ನ ಹಾಸಿಗೆಯ ಪಕ್ಕ ಕುಳಿತು ಹೇಳಿದ. ಆ ಮುದುಕಿ ಆಗಲೇ ಅವನ ಬುರುಜಿನ ಮಣ್ಣಾಗಿದ್ದಳು. ನಾನು ನಮ್ಮ ಓಣಿಯ ಸುದ್ದಿಹಲಗೆ ಬರೆಯುವವಳು. ಕಣ್ಣಾರೆ ಕಾಣದ್ದನ್ನು ಇಬ್ಬರನ್ನು ಕೇಳದೆ ಬರೆದವಳಲ್ಲ. ಅವನೊಬ್ಬನನ್ನು ಮಾತ್ರ ಎರಡನೆಯವರಲ್ಲಿ ವಿಚಾರಿಸದೆ ನಂಬಿದ್ದೆ.

ಅವನು ಈಗಲೂ ನನ್ನ ಬಲಕ್ಕೇ ಕೂರುತ್ತಾನೆ. ಜ್ವರವಿದ್ದರೂ ನಾನು ಮಂಗಳವಾರ ತಪ್ಪಿಸುವುದಿಲ್ಲ. ಹೊಸದಾಗಿ ಏನನ್ನೂ ಕಟ್ಟಿಲ್ಲ.

ನನ್ನ ಕೋರಿಕೆ ಇಷ್ಟೇ. ನಿಯಮವನ್ನು ತೆಗೆಯಬೇಡಿ, ಕೊಟ್ರೇಶ ಅವರಿಗೆ ಅದು ಬೇಕು. ಅದರ ಕೆಳಗೆ ಒಂದು ಸಾಲು ಸೇರಿಸಿ: ಬಾರದವರ ಸರದಿ ಆಡಿದವರು, ಆಡಿದ್ದೇನೆಂಬುದನ್ನು ಅದೇ ವಾರ ಅವರ ಮುಖ ನೋಡಿ ಹೇಳಬೇಕು.

ಇನ್ನೊಂದು ಸಂಗತಿಯನ್ನು ಮುಚ್ಚಿಟ್ಟರೆ ನಾನೂ ಗಾದಿಲಿಂಗನಂತೆಯೇ ಆಗುತ್ತೇನೆ. ಹೋದ ತಿಂಗಳು ತಪಾಸಣೆಗೆ ಹೋದಾಗ ಡಾಕ್ಟರನ್ನು ಕೇಳಿದೆ, ಬದುಕುವುದಿಲ್ಲ ಎಂದು ಅವರು ಹೇಳಿದ್ದ ನಾನು ಬದುಕಿದ್ದು ಹೇಗೆ ಎಂದು. ಔಷಧದ ಪಾಲು ಸ್ವಲ್ಪ, ಉಳಿದದ್ದು ನೀವು ಬುಧವಾರಗಳಿಗಾಗಿ ಕಾದದ್ದು ಎಂದರು ಅವರು. ಬೇರೆ ದಿನ ಗಂಜಿಯ ಬಟ್ಟಲನ್ನು ಮುಟ್ಟುತ್ತಲೇ ಇರಲಿಲ್ಲವಂತೆ ನಾನು.

ಆದ್ದರಿಂದ ನೀವು ಆ ಸಾಲು ಬರೆದರೆ ಏನಾಗಬಹುದೆಂದು ನನಗೆ ಗೊತ್ತಿದೆ. ಮೊದಲ ಬುಧವಾರವೇ ಗಾದಿಲಿಂಗ ಬಂದು, ಊರು ಹೋಯಿತಕ್ಕಾ ಎನ್ನುತ್ತಾನೆ. ನಾನು ಗೋಡೆಯ ಕಡೆ ತಿರುಗಿ ಮಲಗುತ್ತೇನೆ. ಮಳೆ ನಿಲ್ಲುವ ತನಕ ಇರುವುದಿಲ್ಲ, ಈ ಕಾಗದ ಬರೆಯಲೂ ಇರುವುದಿಲ್ಲ.

ಇದನ್ನೆಲ್ಲ ಯೋಚಿಸಿಯೇ ಕೇಳುತ್ತಿದ್ದೇನೆ. ಆ ಸಾಲು ಬರೆಯಿರಿ.

ಇಂತಿ,
ಶಾಂಭವಿ ಕುರುಗೋಡು